ಕಡ್ಲೆಕಾಯಿ ಬೆಣ್ಣೆಗೆ ಬಾಟ್ಲಿ ಯಾಕ್ರೀ?

ಬೆಣ್ಣೆ ಕೈಲಿಟ್ಕೊಂಡು ತುಪ್ಪಕ್ಕೆ ಊರೆಲ್ಲಾ ಅಲೆದ್ರಂತೆ ಅನ್ನೋ ಗಾದೆ ಈಗ ನಮ್ಮ ಹೆಗ್ಗನಹಳ್ಳಿ ಹೆಂಗಸರಿಗೆ ಸರಿಯಾಗಿ ಒಪ್ಪುತ್ತೆ. ಡಬ್ಬಿ ತುಂಬ ಕಡ್ಲೆಕಾಯಿ ಬೀಜ ಐತೆ, ಕಟ್ಟೆ ಮೇಲೆ ಮಿಕ್ಸಿ ಐತೆ. ಆದ್ರೂ ಮೊಬೈಲ್ ಒತ್ತಿ ಪೀನಟ್ ಬಟರ್ ಅಂತ ಬಾಟ್ಲಿ ತರಿಸ್ತೀವಿ. ಅದೇ ಕಡ್ಲೆಕಾಯಿ ಚಟ್ನಿ ಮಾಡಿಕೊಟ್ರೆ ಮೂಗು ಮುರಿಯೋ ಹುಡುಗ್ರು, ಬಾಟ್ಲಿಗೆ ಚಮಚ ಹಾಕಿ ನೆಕ್ಕುತಾರೆ. ಹಿತ್ತಲ ಗಿಡ ಮದ್ದಲ್ಲ ಅಂದ್ರೆ ಇದೇ ಅಲ್ವಾ?

ಬೀಜ ಹುರಿದು, ಸಿಪ್ಪೆ ತೆಗೆದು, ನೀರು ಹಾಕದೆ ರುಬ್ಬಿದ್ರೆ ಅದೇ ಕಡ್ಲೆಕಾಯಿ ಬೆಣ್ಣೆ. ಇದರಲ್ಲಿ ಗುಟ್ಟೂ ಇಲ್ಲ, ಮಂತ್ರವೂ ಇಲ್ಲ. ಇದನ್ನ ಶ್ರೀಮಂತರ ಊಟ, ಜಿಮ್ ಹುಡುಗರ ಊಟ, ವೀಗನ್ ಅನ್ನೋರ ಊಟ ಅಂತ ನಾವೇ ದೂರ ಇಟ್ಟಿದೀವಿ. ಅದು ತಪ್ಪು ಅಂತ ಜಗಳ ಆಡೋಕೇ ಕೂತಿದೀನಿ.

ಮೊದಲು ವೀಗನ್ ಅಂದ್ರೆ ಏನು ಅಂತ ಹಿರಿಯರಿಗೆ ಹೇಳ್ಬಿಡ್ತೀನಿ. ಮಾಂಸ ಮೊಟ್ಟೆ ಬಿಟ್ಟೋರು ಸಸ್ಯಾಹಾರಿಗಳು. ಅದರ ಜೊತೆ ಹಾಲು, ಮೊಸರು, ಬೆಣ್ಣೆ, ತುಪ್ಪ, ಜೇನುತುಪ್ಪಾನೂ ಬಿಟ್ಟೋರು ವೀಗನ್‌ಗಳು. ಪ್ರಾಣಿಯಿಂದ ಬಂದದ್ದು ಯಾವುದೂ ಬೇಡ ಅನ್ನೋರು. ಪೊಟ್ಟಣದ ಮೇಲಿನ ಹಸಿರು ಚುಕ್ಕೆ ನೋಡಿ ವೀಗನ್ ಅಂದ್ಕೋಬೇಡಿ, ಹಸಿರು ಚುಕ್ಕೆ ಇರೋದ್ರಲ್ಲಿ ಹಾಲಿನ ಪುಡಿ ಇರಬಹುದು, ಜೇನೂ ಇರಬಹುದು. ವೀಗನ್‌ಗೆ ಅಂತಲೇ ಎಫ್‌ಎಸ್‌ಎಸ್‌ಎಐನವರು 2022ರಲ್ಲಿ ಬೇರೆ ನಿಯಮ ಮಾಡಿದಾರೆ, ಹಸಿರು ಬಣ್ಣದ 'ವಿ' ಗುರುತು ಐತೆ. ಮನೇಲಿ ರುಬ್ಬಿದ ಕಡ್ಲೆಕಾಯಿಗೆ ಯಾವ ಗುರುತೂ ಬೇಕಾಗಿಲ್ಲ, ಕಣ್ಣ ಮುಂದೇನೇ ರುಬ್ಬಿರ್ತೀವಲ್ಲ.

ಈಗ ನಮ್ಮ ಕಡೆ ಮನೆಮನೇಲೂ ಒಬ್ಬ ಮಗಳೋ ಸೊಸೆಯೋ ಹಾಲು ಬಿಟ್ಟೆ ಅಂತ ಕೂತಿರ್ತಾಳೆ. ಒಬ್ಬಳಿಗೆ ಹಸು ಎಮ್ಮೆ ಮೇಲಿನ ಕನಿಕರ, ಒಬ್ಬಳಿಗೆ ಹಾಲು ಕುಡಿದ್ರೆ ಹೊಟ್ಟೆ ಉಬ್ಬರ. ನಾವು ಏನ್ಮಾಡ್ತೀವಿ? "ಹಾಲು ಬಿಟ್ಟು ಮಣ್ಣು ತಿಂತಾಳಾ?" ಅಂತ ಆಡ್ಕೋತೀವಿ. ಅವಳೋ, ಅತ್ತೆ ಅಡುಗೇಲಿ ತಿನ್ನೋಕೆ ಏನೂ ಇಲ್ಲ ಅಂತ ದುಬಾರಿ ಬಾಟ್ಲಿ ತರಿಸಿ ಫ್ರಿಜ್ಜಲ್ಲಿ ಸಾಲಾಗಿ ಇಡ್ತಾಳೆ. ಇಬ್ಬರಿಗೂ ನಮ್ಮ ಅಡುಗೆಮನೆ ಕಾಣ್ಲಿಲ್ಲ ಅಂತೀನಿ ನಾನು.

ನೀವೇ ಎಣಿಸಿ ನೋಡಿ. ಹುಚ್ಚೆಳ್ಳು ಚಟ್ನಿಪುಡಿ, ಎಳ್ಳುಪುಡಿ, ಉತ್ತರ ಕರ್ನಾಟಕದೋರ ಶೇಂಗಾ ಹಿಂಡಿ, ಕಡ್ಲೆಕಾಯಿ ಎಳ್ಳು ಅರೆದು ತುಂಬೋ ಬದನೆಕಾಯಿ ಎಣ್ಣೆಗಾಯಿ, ಉಪ್ಪುಸಾರು, ಮುದ್ದೆ, ಹುಳಿಯನ್ನ, ಸಂಕ್ರಾಂತಿ ಎಳ್ಳುಬೆಲ್ಲ. ಇದರಲ್ಲಿ ಹಾಲೆಲ್ಲಿ ಐತೆ? ಮೇಲೆ ತುಪ್ಪ ಹಾಕೋದು ಬಿಟ್ರೆ ಎಲ್ಲಾ ಆ ಹುಡುಗಿ ತಿನ್ನೋವೇ. ತುಪ್ಪ ಮನೇಲಿ ಧಾರಾಳವಾಗಿದ್ದೋರು ಹಿಂದೆ ಎಷ್ಟು ಜನ ಇದ್ರು ಹೇಳಿ? ಕಾಳು, ಬೀಜ, ಸೊಪ್ಪು, ಇದರಲ್ಲೇ ಬಡವರ ಮನೆ ಹೆಂಗಸರು ರುಚಿ ಮಾಡಿದ್ರು. ಬಡತನ ಒಳ್ಳೇದಿತ್ತು ಅಂತ ಹೇಳ್ತಿಲ್ಲ. ಆ ಕೈಗುಣ ಇವತ್ತಿನ ಹುಡುಗೀರಿಗೆ ಬೇಕಾದ್ದೇ, ಅದನ್ನ ಹಂಗಿಸದೆ ಕೊಡಿ ಅಂತ ಹೇಳ್ತಿದೀನಿ.

ಫಾರಿನ್ನೋರು ಕಂಡುಹಿಡಿದಿದ್ದು ಅಂತ ಹೆದರೋರಿಗೆ ಒಂದು ಮಾತು. ಹುರಿದ ಕಡ್ಲೆಕಾಯಿ ಅರೆದ ಹಿಟ್ಟಿಗೆ ಕೆನಡಾದ ಮಾರ್ಸೆಲಸ್ ಎಡ್ಸನ್ ಅನ್ನೋರು 1884ರಲ್ಲಿ ಪೇಟೆಂಟ್ ತಗೊಂಡ್ರು. ರುಬ್ಬೋದಕ್ಕೂ ಪೇಟೆಂಟ್ ನೋಡಿ! ಕಡ್ಲೆಕಾಯಿ ಗಿಡ ಮೂಲತಃ ದಕ್ಷಿಣ ಅಮೆರಿಕದ್ದು, ಅದು ನಿಜ. ಆದ್ರೆ ಮೆಣಸಿನಕಾಯಿ, ಟೊಮ್ಯಾಟೋನೂ ಅಮೆರಿಕದ ಕಡೆಯಿಂದಲೇ ಬಂದದ್ದು, ಅವನ್ನ ಪರದೇಶದ್ದು ಅಂತ ಯಾರಾದ್ರೂ ದೂರ ಇಟ್ವಾ? ಬಸವನಗುಡೀಲಿ ಕಾರ್ತಿಕದ ಕೊನೇ ಸೋಮವಾರ ಪರಿಷೆ ಮಾಡಿ, ದೊಡ್ಡ ಬಸವಣ್ಣನಿಗೇ ಕಡ್ಲೆಕಾಯಿ ಒಪ್ಪಿಸೋ ಊರು ನಮ್ದು. ನಮಗೆ ಕಡ್ಲೆಕಾಯಿ ತಿನ್ನೋದನ್ನ ಬಾಟ್ಲಿ ಹೇಳಿಕೊಡಬೇಕಾ?

ಅಮೆರಿಕದಲ್ಲೇ ಜಾರ್ಜ್ ವಾಷಿಂಗ್ಟನ್ ಕಾರ್ವರ್ ಅಂತ ಗುಲಾಮರ ಹೊಟ್ಟೇಲಿ ಹುಟ್ಟಿದ ಕಪ್ಪು ಜನಾಂಗದ ವಿಜ್ಞಾನಿ ಇದ್ರು. ಕಡ್ಲೆಕಾಯಿ ಬೆಳೆಯೋದು ಹೆಂಗೆ, ಅದರಲ್ಲಿ 105 ಥರ ಅಡುಗೆ ಮಾಡೋದು ಹೆಂಗೆ ಅಂತ 1916ರಲ್ಲಿ ಪುಸ್ತಿಕೆ ಹೊರಡಿಸಿದ್ರು. ಯಾರಿಗೋಸ್ಕರ? ಬಡ ರೈತರಿಗೋಸ್ಕರ. ಅಲ್ಲೂ ಇದು ದೊಡ್ಡಸ್ತಿಕೆ ಊಟ ಮಾತ್ರ ಆಗಿರಲಿಲ್ಲ.

ಇನ್ನು ನಮ್ಮ ಗಾಂಧೀಜಿ. ಅವರು 1912ರಲ್ಲಿ ದಕ್ಷಿಣ ಆಫ್ರಿಕಾದಲ್ಲಿದ್ದಾಗಲೇ ಹಾಲು ಬಿಟ್ಟಿದ್ರು. 1918ರಲ್ಲಿ ಖೇಡಾ ಜಿಲ್ಲೇಲಿ ಓಡಾಡುವಾಗ ಅವರ ಮುಖ್ಯ ಆಹಾರ ಕಡ್ಲೆಕಾಯಿ ಬೆಣ್ಣೆ, ನಿಂಬೆಹಣ್ಣು. ಆತ್ಮಕಥೇಲಿ ಅವರೇ ಬರ್ಕೊಂಡಿದಾರೆ. ವೀಗನ್ ಅನ್ನೋ ಪದ ಇಂಗ್ಲೆಂಡಲ್ಲಿ ಹುಟ್ಟಿದ್ದೇ 1944ರಲ್ಲಿ! ಅಂದ್ರೆ ಪದ ಹುಟ್ಟೋಕೆ ಮುಂಚೇನೇ ಊಟ ಇತ್ತು. ಆದ್ರೆ ಅದೇ ಆತ್ಮಕಥೇಲಿ ಇನ್ನೊಂದು ವಿಷಯಾನೂ ಐತೆ: ಆ ಬೆಣ್ಣೆ ಅತಿಯಾಗಿ ತಿಂದು ಹೊಟ್ಟೆ ಕೆಟ್ಟು, ಕಾಯಿಲೆ ಜೋರಾಗಿ, ಸಾಯೋ ಸ್ಥಿತಿಗೆ ಬಂದಿದ್ರು. ಕೊನೆಗೆ ಕಸ್ತೂರಬಾ ಅವರೇ, ನಿಮ್ಮ ವ್ರತ ಹಸು ಎಮ್ಮೆ ಹಾಲಿಗೆ ತಾನೇ, ಮೇಕೆ ಹಾಲು ಕುಡಿಯೋಕೇನು ಅಂತ ದಾರಿ ತೋರಿಸಿದ್ರು. ಮನೆ ಹೆಂಗಸಿನ ಬುದ್ಧಿ ಎಲ್ಲಿ ಕೆಲಸಕ್ಕೆ ಬರುತ್ತೆ ನೋಡಿ. ಈ ಅತಿ ಅನ್ನೋ ವಿಷಯಕ್ಕೆ ಮುಂದೆ ಬರ್ತೀನಿ.

ಈಗ ಬಾಟ್ಲಿ ತಿರುಗಿಸಿ ಹಿಂದುಗಡೆ ಓದಿ. ಕನ್ನಡಕ ಹಾಕ್ಕೊಂಡೇ ಓದಿ, ಅಕ್ಷರ ಸಾಸಿವೆಗಿಂತ ಸಣ್ಣ. ಎಷ್ಟೋ ಬಾಟ್ಲಿಗಳಲ್ಲಿ ಬೀಜದ ಜೊತೆ ಸಕ್ಕರೆ, ಉಪ್ಪು, ಗಟ್ಟಿಯಾಗೋಕೆ ಬೇರೆ ಎಣ್ಣೆ ಸೇರಿರುತ್ತೆ. ಯಾಕೆ ಗೊತ್ತಾ? ಅರೆದಿಟ್ಟ ಕಡ್ಲೆಕಾಯಿ ನಾಲ್ಕು ದಿನ ಅಲ್ಲಾಡದೆ ಇದ್ರೆ ಎಣ್ಣೆ ಮೇಲೆ ತೇಲುತ್ತೆ. ನಾವು ಅದನ್ನ ನೋಡಿ ಕೆಟ್ಟೋಯ್ತು ಅಂತೀವಿ. ಕೆಟ್ಟಿರಲ್ಲ ಕಣ್ರೀ, ಚಮಚದಲ್ಲಿ ಕಲಸಿದ್ರೆ ಸರಿಹೋಗುತ್ತೆ. ನಮ್ಮ ಕಣ್ಣಿಗೆ ಚೆಂದ ಕಾಣ್ಲಿ ಅಂತ, ಎಣ್ಣೆ ತೇಲದಂಗೆ ಮಾಡೋಕೆ ಗಟ್ಟಿ ಎಣ್ಣೆ ಸೇರಿಸ್ತಾರೆ. ಬರೀ ಬೀಜದ್ದೇ ಬಾಟ್ಲಿಗಳೂ ಸಿಗ್ತವೆ, ಇಲ್ಲ ಅನ್ನಲ್ಲ. ಆದ್ರೆ ಬರೀ ಬೀಜಕ್ಕೆ ಅಷ್ಟು ದುಡ್ಡು ಯಾಕೆ? ದಿನಸಿ ಅಂಗಡೀಲಿ ಒಂದು ಕೆಜಿ ಬೀಜದ ರೇಟು ಕೇಳಿ, ಬಾಟ್ಲಿ ರೇಟು ನೋಡಿ, ಲೆಕ್ಕ ನೀವೇ ಹಾಕಿ. ಒಂದು ಕೆಜಿ ಬೀಜ ರುಬ್ಬಿದ್ರೆ ಹೆಚ್ಚೂಕಮ್ಮಿ ಒಂದು ಕೆಜಿ ಬೆಣ್ಣೆ. ಸಿಪ್ಪೆ ಬಿಟ್ಟು ಏನೂ ನಷ್ಟ ಇಲ್ಲ.

"ಕಡ್ಲೆಕಾಯಿ ಬೇಡ, ಬಾದಾಮಿ ಬೆಣ್ಣೇನೇ ಶ್ರೇಷ್ಠ" ಅನ್ನೋರೂ ಅವ್ರೆ. ಬಾದಾಮೀಲಿ ನಾರು, ಕ್ಯಾಲ್ಸಿಯಂ, ವಿಟಮಿನ್ ಇ ಜಾಸ್ತಿ, ಒಪ್ಕೋತೀನಿ. ಆದ್ರೆ ಪ್ರೋಟೀನ್ ನೋಡಿದ್ರೆ 100 ಗ್ರಾಂ ಬಾದಾಮೀಲಿ ಸುಮಾರು 21 ಗ್ರಾಂ, ಕಡ್ಲೆಕಾಯೀಲಿ ಸುಮಾರು 25 ಗ್ರಾಂ. ಬಡವರ ಬಾದಾಮಿ ಅಂತ ಸುಮ್ಮನೆ ಕರೀಲಿಲ್ಲ. ನಮ್ಮ ದೇಶದಲ್ಲಿ ಮಾರೋ ಬಾದಾಮಿ ಬಹುಪಾಲು ಕ್ಯಾಲಿಫೋರ್ನಿಯಾದಿಂದ ಹಡಗು ಹತ್ತಿ ಬರೋದು. ಕಡ್ಲೆಕಾಯಿ ಪಾವಗಡದಿಂದ, ಚಳ್ಳಕೆರೆಯಿಂದ, ಮಳೆ ನಂಬ್ಕೊಂಡು ಬಿತ್ತೋ ರೈತರ ಹೊಲದಿಂದ ಬರೋದು. ಚಳ್ಳಕೆರೆಗೆ ಎಣ್ಣೆ ನಗರ ಅಂತ ಹೆಸರು ಬಂದದ್ದೇ ಈ ಬೀಜದಿಂದ. ನಮ್ಮ ಹೆಗ್ಗನಹಳ್ಳಿ, ಲಗ್ಗೆರೆ, ಸುಂಕದಕಟ್ಟೇಲಿ ಬಾಡಿಗೆಗಿರೋ ಎಷ್ಟೋ ಜನ ತುಮಕೂರು, ಚಿತ್ರದುರ್ಗದ ಕಡೆಯೋರೇ. ಅಪ್ಪನ ಹೊಲದ ಬೆಳೆ ಬಿಟ್ಟು ಹಡಗಿನ ಬೀಜ ತಿಂದ್ರೆ ಮಾತ್ರ ಆರೋಗ್ಯ ಅನ್ನೋದು ಯಾವ ನ್ಯಾಯ?

ಸರಿ, ಮಾಡೋದು ಹೇಳ್ತೀನಿ. ಜಗಳ ಆಡಿ ಬರಿಗೈಲಿ ಕಳಿಸಿದ್ರೆ ನಂಗೆ ಸಮಾಧಾನ ಇರಲ್ಲ.

ಬೀಜ ಆರಿಸೋದೇ ಅರ್ಧ ಕೆಲಸ. ಇದೊಂದನ್ನ ಹಗುರವಾಗಿ ತಗೋಬೇಡಿ. ಮುಗ್ಗಲು ಹಿಡಿದ ಕಡ್ಲೆಕಾಯೀಲಿ ಒಂಥರಾ ಬೂಷ್ಟು ಬೆಳೆದು ಅಫ್ಲಾಟಾಕ್ಸಿನ್ ಅನ್ನೋ ವಿಷ ಬಿಡುತ್ತೆ. ಅದು ಲಿವರಿಗೆ ಕೆಡುಕು, ದಿನಾ ಸ್ವಲ್ಪ ಸ್ವಲ್ಪ ಹೋದ್ರೂ ಕೆಡುಕು. ಹುರಿದ್ರೂ ಪೂರ್ತಿ ಹೋಗಲ್ಲ. ಅದ್ಕೆ ಬೀಜನ ಬಿಳೀ ಬಟ್ಟೆ ಮೇಲೆ ಹರಡಿ ಕೂತ್ಕೊಳ್ಳಿ. ಸುರುಟಿದ್ದು, ಕಪ್ಪಾಗಿದ್ದು, ಹಸಿರು ಬೂಷ್ಟಿನದ್ದು, ಹುಳ ಹೊಡೆದಿದ್ದು ತೆಗೆದು ಬಿಸಾಕಿ. ಹಸುಗೂ ಹಾಕ್ಬೇಡಿ. ಬಾಯಿಗೆ ಹಾಕ್ಕೊಂಡಾಗ ಕಹಿ ಬಂದ್ರೆ ನುಂಗ್ಬೇಡಿ, ಉಗೀರಿ. ಸೋವಿ ಅಂತ ಒಡೆದ ನುಚ್ಚು ಬೀಜ ತರೋರು ನಾಲ್ಕು ಕಾಸು ಉಳಿಸೋಕೆ ಹೋಗಿ ಲಿವರ್ ಕಳ್ಕೋತಾರೆ. ಪರಿಷೇಲಿ ತಂದ ಹಸೀ ಕಡ್ಲೆಕಾಯಿ ಬೇಯಿಸಿ ತಿನ್ನೋಕೆ ಚೆಂದ, ಬೆಣ್ಣೆಗೆ ಚೆನ್ನಾಗಿ ಒಣಗಿದ್ದೇ ಬೇಕು.

ಕಾಲು ಕೆಜಿ ಬೀಜ ತಗೊಳ್ಳಿ. ದಪ್ಪ ತಳದ ಬಾಣಲೇಲಿ ಸಣ್ಣ ಉರಿ ಮೇಲೆ ಹತ್ತು ಹನ್ನೆರಡು ನಿಮಿಷ ಕೈ ಬಿಡದೆ ಹುರೀರಿ. ದೊಡ್ಡ ಉರಿ ಮಾಡಿದ್ರೆ ಹೊರಗೆ ಸೀದು ಒಳಗೆ ಹಸಿ. ಚಟಪಟ ಅಂದು, ಬಿಡಿಸಿ ನೋಡಿದ್ರೆ ಒಳಗೂ ತಿಳಿ ಕಂದು ಬಣ್ಣ ಬಂದಿರ್ಬೇಕು. ಕೈಗೆ ತಾಳೋ ಅಷ್ಟು ಆರಿದ ಮೇಲೆ ಬಟ್ಟೇಲಿ ಕಟ್ಟಿ ಉಜ್ಜಿ, ಮೊರದಲ್ಲಿ ಕೇರಿ. ಪೂರ್ತಿ ತಣ್ಣಗೆ ಕಲ್ಲಾಗೋವರೆಗೂ ಕಾಯ್ಬೇಡಿ, ಉಗುರುಬೆಚ್ಚಗಿದ್ರೆ ಎಣ್ಣೆ ಬೇಗ ಬಿಡುತ್ತೆ.

ಮಿಕ್ಸಿ ಜಾರು ಒಣಗಿರ್ಬೇಕು, ಒಂದು ಹನಿ ನೀರು ಇರಬಾರದು. ಅರ್ಧ ನಿಮಿಷ ತಿರುಗಿಸಿ, ನಿಲ್ಲಿಸಿ, ಚಮಚದಲ್ಲಿ ಕೆರೆದು ಕೆಳಗೆ ತಳ್ಳಿ, ಮತ್ತೆ ತಿರುಗಿಸಿ. ಮೊದಲು ಪುಡಿ ಆಗುತ್ತೆ. ಆಮೇಲೆ ಉಂಡೆ ಕಟ್ಟಿ ಜಾರಿನ ಗೋಡೆಗೆ ಅಂಟುತ್ತೆ. ಇಲ್ಲೇ ಎಲ್ಲರೂ ಸೋಲೋದು, ಆಗ್ಲಿಲ್ಲ ಅಂತ ನೀರೋ ಎಣ್ಣೇನೋ ಸುರಿದುಬಿಡ್ತಾರೆ. ಸುರೀಬೇಡಿ. ಎರಡು ನಿಮಿಷ ಮಿಕ್ಸಿಗೆ ವಿಶ್ರಾಂತಿ ಕೊಟ್ಟು ಮತ್ತೆ ತಿರುಗಿಸಿ. ಬೀಜದಲ್ಲಿ ಅರ್ಧಕ್ಕರ್ಧ ಎಣ್ಣೇನೇ ಇರೋದು, ಅದು ಬಿಟ್ಕೊಳ್ಳೋಕೆ ಹೊತ್ತು ಬೇಕು. ಇದ್ದಕ್ಕಿದ್ದಂಗೆ ಹೊಳಪು ಬಂದು ದೋಸೆ ಹಿಟ್ಟಿನ ಥರ ಮಗುಚುತ್ತೆ. ಒಂದು ಚಿಟಿಕೆ ಉಪ್ಪು ಹಾಕಿ ಇನ್ನೊಂದು ಸುತ್ತು. ಮುಗೀತು. ಮಿಕ್ಸಿ ಬಿಸಿಯಾದ್ರೆ ಹಠ ಮಾಡ್ಬೇಡಿ, ಮೋಟರ್ ಸುಟ್ಟೋದ್ರೆ ಉಳಿಸಿದ ದುಡ್ಡೆಲ್ಲಾ ರಿಪೇರಿಯೋನಿಗೆ.

ಒಣಗಿದ ಗಾಜಿನ ಬಾಟ್ಲೀಲಿ ಹಾಕಿ ಫ್ರಿಜ್ಜಲ್ಲಿಟ್ರೆ ಒಂದು ತಿಂಗಳು ಬರುತ್ತೆ, ಒದ್ದೆ ಚಮಚ ಮಾತ್ರ ಹಾಕ್ಬೇಡಿ. ಸಿಹಿ ಬೇಕಂದ್ರೆ ತಿನ್ನೋವಾಗ ಬೆಲ್ಲದ ಪುಡಿ ಕಲಸ್ಕೊಳ್ಳಿ, ಮೊದಲೇ ಹಾಕಿದ್ರೆ ಬೆಲ್ಲದ ತೇವಕ್ಕೆ ಗಟ್ಟಿಯಾಗುತ್ತೆ. ಜೇನು ವೀಗನ್ ಹುಡುಗಿಗೆ ಆಗಲ್ಲ, ನೆನಪಿರ್ಲಿ.

ಇದನ್ನ ಬ್ರೆಡ್ಡಿಗೆ ಬಳಿಯೋಕೆ ಅಂತಲೇ ಇಟ್ಕೊಂಡ್ರೆ ಬಾಟ್ಲಿಯೋರ ಮಾತು ಕೇಳಿದಂಗೇ ಆಯ್ತು. ಎಣ್ಣೆಗಾಯಿಗೆ ಎರಡು ಚಮಚ ಹಾಕಿ, ರುಬ್ಬೋ ಕೆಲಸ ಉಳೀತು. ಹೋಟೆಲ್ ಥರ ಕುರ್ಮಕ್ಕೆ ಕೆನೆ, ಗೋಡಂಬಿ ಬದಲು ಒಂದು ಚಮಚ ಇದನ್ನ ಬಿಸಿನೀರಲ್ಲಿ ಕದಡಿ ಕೊನೇಲಿ ಹಾಕಿ, ಗಟ್ಟಿಯಾಗೂ ಇರುತ್ತೆ, ಹಾಲೂ ಇಲ್ಲ. ನೀರಲ್ಲಿ ತೆಳ್ಳಗೆ ಕಲಸಿ, ಉಪ್ಪು, ನಿಂಬೆರಸ, ಸಾಸಿವೆ ಇಂಗಿನ ಒಗ್ಗರಣೆ ಕೊಟ್ಟು ಸೌತೆಕಾಯಿ ಹಾಕಿದ್ರೆ ಮೊಸರಿಲ್ಲದ ಪಚಡಿ. ರಾಗಿ ಅಂಬಲಿಗೆ ಮಜ್ಜಿಗೆ ಬದಲು ಒಂದು ಚಮಚ ಇದು, ಜೊತೆಗೆ ನಿಂಬೆರಸ. ಇದೇ ರೀತಿ ಎಳ್ಳನ್ನೂ ರುಬ್ಬಬಹುದು. ಎಳ್ಳು ಕೊಂಚ ಕಹಿ, ಆದ್ರೆ ಕ್ಯಾಲ್ಸಿಯಂ ಜಾಸ್ತಿ.

ಈಗ ನಿಮ್ಮ ಎದುರು ಮಾತುಗಳಿಗೆ ಬರ್ತೀನಿ.

"ಕೊಲೆಸ್ಟ್ರಾಲ್ ಅಲ್ವಾ?" ಅಂತೀರಿ. ಗಿಡದಿಂದ ಬಂದ ಯಾವುದರಲ್ಲೂ ಲೆಕ್ಕಕ್ಕೆ ಬರೋವಷ್ಟು ಕೊಲೆಸ್ಟ್ರಾಲ್ ಇಲ್ಲ. ಆದ್ರೆ ಕೊಬ್ಬು ಐತೆ, ಶಕ್ತಿ ಐತೆ. ಎರಡು ದೊಡ್ಡ ಚಮಚಕ್ಕೆ ಸುಮಾರು 190 ಕ್ಯಾಲೋರಿ, ಎಂಟು ಗ್ರಾಂ ಹತ್ರ ಪ್ರೋಟೀನ್. ಅಷ್ಟು ಸಾಕು. ಗಾಂಧೀಜಿ ಹೊಟ್ಟೇನೇ ತಡೀಲಿಲ್ಲ, ನಮ್ಮದು ತಡೆಯುತ್ತಾ? ಅತಿಯಾದ್ರೆ ಅಮೃತಾನೂ ವಿಷ.

"ಹಾಲಿನ ಬದಲು ಇದೊಂದೇ ಸಾಕಾ?" ಅಂತ ಕೇಳಿದ್ರೆ, ಸಾಲದು. ಇಲ್ಲಿ ನಾನು ವೀಗನ್ ಹುಡುಗೀರ ಮೇಲೇ ಜಗಳಕ್ಕೆ ಬರ್ತೀನಿ. ಬಿ12 ವಿಟಮಿನ್ ಕಡ್ಲೆಕಾಯೀಲಿ ಇಲ್ಲ, ಸೊಪ್ಪಲ್ಲೂ ಇಲ್ಲ. ಪೂರ್ತಿ ಬಿಟ್ಟೋರು ಡಾಕ್ಟರ್ ಕೇಳಿ ಮಾತ್ರೆ ತಗೊಳ್ಳೇಬೇಕು. ಕ್ಯಾಲ್ಸಿಯಂಗೆ ರಾಗಿ, ಎಳ್ಳು, ಸೊಪ್ಪು ಬೇಕು. ಬೇಳೆಕಾಳೂ ಬೇಕು, ಯಾಕಂದ್ರೆ ಕಡ್ಲೆಕಾಯೀಲಿ ಕಮ್ಮಿ ಇರೋ ಸತ್ವ ಅದರಲ್ಲಿ ಐತೆ. ಮುದ್ದೆ ಸಾರು ಬಿಟ್ಟು ಬಾಟ್ಲಿ ನೆಕ್ಕಿದ್ರೆ ಅದು ಕರುಣೆ ಅಲ್ಲ, ಉಪವಾಸ.

ಕೆಲವರಿಗೆ ಕಡ್ಲೆಕಾಯಿ ಒಗ್ಗಲ್ಲ. ತುಟಿ ಊದೋದು, ಮೈ ಕೆರೆಯೋದು, ಉಸಿರು ಕಟ್ಟೋದು ಆದ್ರೆ ಮನೆಮದ್ದು ಮಾಡ್ತಾ ಕೂರ್ಬೇಡಿ, ಆಸ್ಪತ್ರೆಗೆ ಓಡಿ. ಸಣ್ಣ ಮಕ್ಕಳಿಗೆ ಇಡೀ ಬೀಜ ಕೊಡ್ಬೇಡಿ, ಗಂಟಲಲ್ಲಿ ಸಿಕ್ಕೊಳ್ಳುತ್ತೆ. ಗಟ್ಟಿ ಬೆಣ್ಣೆ ಚಮಚಗಟ್ಟಲೆ ಕೊಟ್ರೂ ಅಷ್ಟೇ, ತೆಳ್ಳಗೆ ಗಂಜೀಲಿ ಕಲಸಿ ಕೊಡಿ.

"ಇದಕ್ಕೆಲ್ಲಾ ಟೈಮ್ ಎಲ್ಲಿ?" ಅನ್ನೋ ಮಾತು ಮಾತ್ರ ನಂಗೆ ಸರಿಯಾಗಿ ಕೇಳ್ಸುತ್ತೆ. ಮನೇಲಿ ಮಾಡಿ ಮನೇಲಿ ಮಾಡಿ ಅಂತ ಎಲ್ಲರೂ ಹೇಳ್ತಾರೆ. ಮಾಡೋಳು ಯಾರು ಅಂತ ಯಾರೂ ಹೇಳಲ್ಲ. ಹುರಿಯೋದು, ರುಬ್ಬೋದು ಸೇರಿ ಮುಕ್ಕಾಲು ಗಂಟೆ, ತಿಂಗಳಿಗೆ ಒಂದು ಸಲವೋ ಎರಡು ಸಲವೋ. ಬೀಜ ಆರಿಸೋದು, ಸಿಪ್ಪೆ ಉಜ್ಜೋದು ಟಿವಿ ನೋಡ್ತಾ ಮಾಡೋ ಕೆಲಸ. ಕ್ರಿಕೆಟ್ ನೋಡೋರ ಕೈಗೆ ಮೊರ ಕೊಡಿ. ಜಿಮ್ಮಿಗೆ ಹೋಗೋ ತೋಳಿಗೆ ಒಂದು ಬಟ್ಟೆ ಗಂಟು ಉಜ್ಜೋಕೆ ಆಗಲ್ವಾ? ತಿನ್ನೋಕೆ ನಾಲ್ಕು ಜನ, ಸಿಪ್ಪೆ ತೆಗೆಯೋಕೆ ಒಬ್ಬಳೇ ಅಂದ್ರೆ ಆ ಮನೆಗೆ ಬಾಟ್ಲೀನೇ ಸರಿ, ಅವರೇ ದುಡ್ಡು ಕೊಟ್ಟು ತರ್ಲಿ.

ಕೊನೇದಾಗಿ, ಈ ಬೆಣ್ಣೆ ನಿಜವಾಗಿ ಯಾರಿಗೆ ಬೇಕು ಅನ್ನೋದು. ಬೆಳಗಾಗೆದ್ದು ಹೆಗ್ಗನಹಳ್ಳಿ ಕ್ರಾಸಲ್ಲಿ ನಿಂತು ನೋಡಿ. ಗಾರ್ಮೆಂಟ್ಸಿಗೆ, ಪೀಣ್ಯದ ಕಾರ್ಖಾನೆಗಳಿಗೆ ಓಡೋ ಹೆಣ್ಣುಮಕ್ಕಳು. ಗಂಡನ ಡಬ್ಬಿ ಕಟ್ಟಿರ್ತಾರೆ, ಮಕ್ಕಳ ಡಬ್ಬಿ ಕಟ್ಟಿರ್ತಾರೆ, ತಮಗೆ ಟೀ, ಬನ್ನು. ಸಾಯಂಕಾಲ ಕಾಲು ಸೆಳೆತ, ತಲೆಸುತ್ತು. ಪೀನಟ್ ಬಟರ್ ಅಂದ್ರೆ ಅವರು ನಗ್ತಾರೆ, ಅದು ನಮ್ಮಂಥೋರಿಗಲ್ಲ ಅಂತ. ಯಾಕೆ ಅಲ್ಲ? ಮೈಸೂರಿನ ಸಿಎಫ್‌ಟಿಆರ್‌ಐ ಸಂಸ್ಥೆಯೋರು 1950ರ ದಶಕದಲ್ಲೇ ಬಡವರ ಹಸಿವಿಗೆ ಅಂತ ಪೌಷ್ಟಿಕ ಹಿಟ್ಟು ಮಾಡಿದ್ರು. ಅದರಲ್ಲಿ ಮುಕ್ಕಾಲು ಪಾಲು ಎಣ್ಣೆ ತೆಗೆದ ಕಡ್ಲೆಕಾಯಿ ಹಿಟ್ಟು, ಕಾಲು ಪಾಲು ಹುರಿಗಡ್ಲೆ ಹಿಟ್ಟು. ಆಮೇಲೆ ಕಡ್ಲೆಕಾಯಿ ಪ್ರೋಟೀನನ್ನ ಹಾಲಿಗೆ ಸೇರಿಸಿ ಮಿಲ್ಟೋನ್ ಅಂತಾನೂ ಮಾಡಿದ್ರು. ದೊಡ್ಡ ದೊಡ್ಡ ವಿಜ್ಞಾನಿಗಳು ಬಡವರ ತಟ್ಟೆಗೆ ಅಂತ ಆರಿಸಿದ್ದ ಕಾಳನ್ನ, ಇವತ್ತು ಚಂದದ ಚೀಟಿ ಅಂಟಿಸಿ ಬಡವರಿಂದಲೇ ದೂರ ಇಟ್ಟಿದಾರೆ.

ಅದ್ಕೆ ನಂದು ಒಂದೇ ಹಠ. ಈ ವಾರ ಅರ್ಧ ಕೆಜಿ ಬೀಜ ತನ್ನಿ, ಆರಿಸಿ, ಹುರೀರಿ, ರುಬ್ಬಿ. ಮೊದಲ ಚಮಚ ಮಗನಿಗಲ್ಲ, ಗಂಡನಿಗಲ್ಲ, ರುಬ್ಬಿದೋಳ ಮುದ್ದೆಗೋ ಚಪಾತಿಗೋ ಹಾಕಿ. ಪಕ್ಕದ ಮನೇಲಿ ಗಾರ್ಮೆಂಟ್ಸಿಗೆ ಹೋಗೋ ಹುಡುಗಿ ಇದ್ರೆ ಒಂದು ಸಣ್ಣ ಡಬ್ಬೀಲಿ ಕೊಟ್ಟು, ಬನ್ನಿನ ಜೊತೆ ತಿನ್ನವ್ವಾ ಅನ್ನಿ. ಹಾಲು ಬಿಟ್ಟ ಸೊಸೇನ ಆಡ್ಕೊಳ್ಳೋ ಬದಲು ಅವಳ ಕೈಲೇ ಎಣ್ಣೆಗಾಯಿ ಮಾಡಿಸಿ ನೀವೂ ಉಣ್ಣಿ. ಬಾಟ್ಲಿ ಖಾಲಿಯಾದ್ರೆ ತೊಳೆದು ಒಣಗಿಸಿ ಇಟ್ಕೊಳ್ಳಿ, ಮುಂದಿನ ಸಲ ನಿಮ್ಮ ಬೆಣ್ಣೆ ತುಂಬೋಕೆ ಬೇಕಾಗುತ್ತೆ.